ಯಂತ್ರಶೃಂಖಲೆಯ ಸವೆತ: ಒಂದು ಚಾರಿತ್ರಿಕ ವಿಚಾರ

ತುಮಕೂರು ನಗರಕ್ಕೆ ಸೇರಿದ ಉಪ್ಪಾರಹಳ್ಳಿಯಲ್ಲಿ ನಡೆದ ಒಂದು ಸಣ್ಣ ವಿವಾದವು ಈ ಲೇಖನಕ್ಕೆ ಕಾರಣವಾಯಿತು. ನನ್ನಲ್ಲಿ ಕಾವ್ಯಪಾಠಕ್ಕೆ ಬರುವ ತರುಣನೊಬ್ಬನು ಎಲೆಕ್ಟ್ರಿಕ್ ಮೌಂಟನ್ ಬೈಕ್ ಎಂದು ಕರೆಯಲ್ಪಡುವ, ಮೋಟಾರಿನ ಸಹಾಯದಿಂದ ಗುಡ್ಡವನ್ನೇರುವ ಬೈಸಿಕಲ್ಲನ್ನು ಇಟ್ಟುಕೊಂಡಿರುವನು. ರಜಾದಿನಗಳಲ್ಲಿ ಅದರ ಮೇಲೆ ದೇವರಾಯನದುರ್ಗವನ್ನು ಹತ್ತಿ ಇಳಿಯುವುದು ಅವನ ವಾಡಿಕೆ. ಒಂದು ದಿನ ಏರಿನ ನಡುವೆ ಅದರ ಸರಪಳಿಯು ತುಂಡಾಯಿತು. ಸೈಕಲ್ ರಿಪೇರಿಯ ಮೇಸ್ತ್ರಿಯೊಬ್ಬರು ಹೊಸ ಸರಪಳಿಯನ್ನು ಹಾಕಿಕೊಟ್ಟರು. ಆದರೆ ಹೊಸದು ಹಳೆಯದಕ್ಕಿಂತಲೂ ಕೆಟ್ಟದಾಗಿ ನಡೆಯಿತು. ಬಲವಾಗಿ ತುಳಿದೊಡನೆ ಹಿಂದಿನ ಚಕ್ರದ ಹಲ್ಲುಗಳ ಮೇಲಿಂದ ಹಾರಿ ಜಾರತೊಡಗಿತು. ತರುಣನು ಮೇಸ್ತ್ರಿಯವರನ್ನು ನಮ್ಮ ಮನೆಯ ಜಗಲಿಗೇ ಕರೆತಂದು, "ಹೊಸ ಚೈನೇ ಜಾರುವುದಾದರೆ ಇದು ಮೋಸವಲ್ಲದೆ ಮತ್ತೇನು ಗುರುಗಳೇ?" ಎಂದನು. ಮೇಸ್ತ್ರಿಯವರು, "ಹಳೇ ಚೈನು ಎಳೆದು ಉದ್ದ ಆಗಿತ್ತು ಸ್ವಾಮಿ. ನಾನು ಹಾಕಿರೋದು ಒಳ್ಳೇ ಮಾಲೇ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರು. ಜೀವಮಾನವೆಲ್ಲ ಕೈ ಕಪ್ಪು ಮಾಡಿಕೊಂಡು ದುಡಿದವರ ಪ್ರಾಮಾಣಿಕತೆಯು ಅಲ್ಲಿ ಪ್ರಶ್ನೆಗೆ ಒಳಗಾಗಿದ್ದಿತು. ವ್ಯಾಕರಣವನ್ನೂ ಅಲಂಕಾರವನ್ನೂ ಓದಿದವನಿಗೆ ಇಂಥ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವಿಲ್ಲವೆಂಬುದು ದಿಟ. ಆದರೂ "ಎಳೆದು ಉದ್ದವಾಗುವುದು" ಎಂಬ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಈ ವ್ಯಾಜ್ಯದ ಮೂಲವು ಆ ಮಾತಿನಲ್ಲಿಯೇ ಅಡಗಿದೆಯೆಂಬುದನ್ನು ಮುಂದೆ ನಿರೂಪಿಸಲಾಗುವುದು.

ಮೊದಲು ಶಬ್ದವನ್ನು ವಿಚಾರಿಸೋಣ. ಸಂಸ್ಕೃತದ ಶೃಂಖಲಾಶಬ್ದಕ್ಕೆ ಸಂಕಲೆಯೆಂಬುದು ಕನ್ನಡದಲ್ಲಿ ತದ್ಭವವಾಗಿರುವುದು. ಅಮರಕೋಶವು ಈ ಶಬ್ದವನ್ನು ಕ್ಷತ್ರಿಯವರ್ಗದಲ್ಲಿ ಆನೆಯನ್ನು ಕಟ್ಟುವ ಸಾಧನವೆಂದೂ, ಮನುಷ್ಯವರ್ಗದಲ್ಲಿ ಗಂಡಸರ ಕಟಿಭೂಷಣವೆಂದೂ ಹೇಳುತ್ತದೆ. ಒಂದು ಬಂಧನಕ್ಕೆ, ಒಂದು ಅಲಂಕಾರಕ್ಕೆ. ಎರಡರಲ್ಲಿಯೂ ಶೃಂಖಲೆಯು ನಿಂತಿರತಕ್ಕ ವಸ್ತುವೇ ಹೊರತು ಓಡತಕ್ಕದ್ದಲ್ಲ. ನಿಂತಿರುವ ಸಂಕಲೆಗೆ ಗಟ್ಟಿತನವೊಂದಿದ್ದರೆ ಸಾಕು. ಒಂದು ಚಕ್ರದ ಬಲವನ್ನು ಮತ್ತೊಂದು ಚಕ್ರಕ್ಕೆ ಸಾಗಿಸುತ್ತ, ಕ್ಷಣಕ್ಷಣಕ್ಕೂ ಬಾಗಿ ನೆಟ್ಟಗಾಗುವ ಸರಪಳಿಗೆ ಗಟ್ಟಿತನದ ಜೊತೆಗೆ ಸಂಧಿಸೌಷ್ಠವವೂ ಬೇಕು. ಈ ಭೇದವನ್ನು ಮರೆತರೆ ಮುಂದಿನ ವಿಚಾರವೆಲ್ಲವೂ ದಾರಿ ತಪ್ಪುವುದು.

ನಮ್ಮ ದೇಶದಲ್ಲಿ ಚಲಿಸುವ ಮಾಲೆಗೆ ಪ್ರಾಚೀನವಾದ ನಿದರ್ಶನವು ಅರಘಟ್ಟ ಅಥವಾ ಘಟೀಯಂತ್ರವು. ಪಂಚತಂತ್ರದ ಲಬ್ಧಪ್ರಣಾಶವೆಂಬ ತಂತ್ರದಲ್ಲಿ ಗಂಗದತ್ತನೆಂಬ ಕಪ್ಪೆಯರಸನು ದಾಯಾದಿಗಳ ಕಾಟವನ್ನು ತಾಳಲಾರದೆ ಅರಘಟ್ಟದ ಗಡಿಗೆಯನ್ನೇರಿ ಬಾವಿಯಿಂದ ಹೊರಕ್ಕೆ ಬಂದ ಕಥೆಯು ವಾಚಕಮಹಾಶಯರಿಗೆ ವಿದಿತವಾಗಿಯೇ ಇದೆ. ಉತ್ತರದೇಶದ ರಹಟ್ ಎಂಬ ಹೆಸರು ಈ ಅರಘಟ್ಟಶಬ್ದದಿಂದಲೇ ಬಂದದ್ದು. ತುಮಕೂರು, ಗುಬ್ಬಿ, ಕುಣಿಗಲುಗಳ ತೆಂಗು ಅಡಕೆಯ ತೋಟಗಳಲ್ಲಾದರೋ ಎತ್ತುಗಳು ಹಗ್ಗವನ್ನೆಳೆದು ತೊಗಲಿನ ಚೀಲದಿಂದ ನೀರೆತ್ತುವ ಕಪಿಲೆಯೂ, ಏತವೂ ಬಳಕೆಯಲ್ಲಿದ್ದುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ ಪಂಪುಗಳು ಹಬ್ಬಿದ ಮೇಲೆ ಅವು ಮರೆಯಾದುವು. ಈ ಯಂತ್ರಗಳಲ್ಲಿ ಹೆಚ್ಚಾಗಿ ಬಲವನ್ನು ಸಾಗಿಸುತ್ತಿದ್ದುದು ಹಗ್ಗವು. ಹಗ್ಗವು ಸವೆದರೆ ನಾರು ಎದ್ದು ಕಣ್ಣಿಗೆ ಕಾಣುವುದು. ಎಳೆದರೆ ಅದು ನಿಜವಾಗಿಯೂ ಹಿಗ್ಗುವುದು. "ಎಳೆದು ಉದ್ದವಾಯಿತು" ಎಂಬ ಮಾತು ಹಗ್ಗಕ್ಕೆ ಯಥಾರ್ಥವಾಗಿ ಸಲ್ಲುವುದು. ಹಗ್ಗದ ಮಾತನ್ನೇ ಲೋಕವು ಉಕ್ಕಿನ ಸರಪಳಿಗೂ ಅಂಟಿಸಿತೆಂದು ತೋರುತ್ತದೆ.

ಯಂತ್ರದ ಗುಣದೋಷಗಳನ್ನು ಶಾಸ್ತ್ರರೀತಿಯಿಂದ ವಿವೇಚಿಸಿದ ಗ್ರಂಥವೊಂದು ನಮ್ಮಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದಲ್ಲಿ ಆಳಿದ ಭೋಜರಾಜನ ಸಮರಾಂಗಣಸೂತ್ರಧಾರವೇ ಅದು. ಅದರ ಯಂತ್ರವಿಧಾನವೆಂಬ ಅಧ್ಯಾಯದಲ್ಲಿ ಒಳ್ಳೆಯ ಯಂತ್ರಕ್ಕಿರಬೇಕಾದ ಗುಣಗಳನ್ನು ಎಣಿಸಿದೆ. ಅವುಗಳಲ್ಲಿ ಪ್ರಕೃತಕ್ಕೆ ಬೇಕಾದುವು ಇವು: ಅಂಗಗಳು ಚೆನ್ನಾಗಿ ಕೂಡಿಕೊಂಡಿರುವ ಸೌಶ್ಲಿಷ್ಟ್ಯ, ಸಡಿಲವಾಗದಿರುವ ಅಶೈಥಿಲ್ಯ, ಬಿಗಿಯಾಗಿ ಹಿಡಿದುಕೊಳ್ಳದಿರುವ ಅಗಾಢತೆ, ಸದ್ದಿಲ್ಲದಿರುವ ಶಬ್ದಹೀನತೆ, ಜಾರದೆ ನಡೆಯುವ ಅಸ್ಖಲದ್ಗತಿ, ಬಹುಕಾಲ ತಾಳುವ ಚಿರಕಾಲಸಹತ್ವ. ಬೈಸಿಕಲ್ಲನ್ನು ಕಾಣದ ಕಾಲದ ಈ ಪಟ್ಟಿಯು ಇಂದಿನ ಮೇಸ್ತ್ರಿಯು ದಿನವೂ ಕೇಳುವ ದೂರುಗಳೊಡನೆ ಸರಿಹೊಂದುವುದು. ಎಣ್ಣೆ ಕಾಣದ ಸರಪಳಿಯು ಕಿರುಗುಟ್ಟುವುದು, ತುಕ್ಕುಹಿಡಿದ ಕೊಂಡಿಯು ಬಾಗದೆ ಸೆಟೆಯುವುದು, ಸವೆದದ್ದು ಸಡಿಲವಾಗುವುದು, ಸಡಿಲವಾದದ್ದು ಹಲ್ಲಿನಿಂದ ಜಾರುವುದು: ಇವು ಕ್ರಮವಾಗಿ ಶಬ್ದ, ಗಾಢತೆ, ಶೈಥಿಲ್ಯ, ಸ್ಖಲನಗಳಲ್ಲದೆ ಬೇರೆಯಲ್ಲ. ಈ ದೋಷಗಳೆಲ್ಲವೂ ಅಂಗಗಳು ಕೂಡುವ ಎಡೆಯಲ್ಲಿ ಹುಟ್ಟುವುವೆಂಬುದನ್ನು ಗಮನಿಸತಕ್ಕದ್ದು.

ಇನ್ನು ಲೋಹದ ಯಂತ್ರಶೃಂಖಲೆಯ ಚರಿತ್ರೆ. ಚೀನಾದೇಶದ ಕೈಫೆಂಗ್ ನಗರದಲ್ಲಿ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಸು ಸೊಂಗ್ ಎಂಬ ವಿದ್ವಾಂಸನು ಕಟ್ಟಿಸಿದ ಖಗೋಳ ಗಡಿಯಾರದ ಗೋಪುರದಲ್ಲಿ ಬಲವನ್ನು ಸಾಗಿಸುವ ಸರಪಳಿಯಿದ್ದಿತು. ಯೂರೋಪಿನಲ್ಲಿ ೧೮೨೯ರಲ್ಲಿ ಫ್ರಾನ್ಸಿನ ಗಾಲ್ ಎಂಬಾತನು ತಗಡುಗಳನ್ನು ಆಣಿಗಳಿಂದ ಪೋಣಿಸಿದ ಸರಪಳಿಗೆ ಹಕ್ಕುಪತ್ರವನ್ನು ಪಡೆದನು. ಅದರಲ್ಲಿ ತೆಳುವಾದ ತಗಡಿನ ಅಂಚು ಮಾತ್ರವೇ ಆಣಿಯನ್ನು ಒತ್ತುತ್ತಿದ್ದುದರಿಂದ ಸಂಧಿಗಳು ಬೇಗನೆ ಸವೆಯುತ್ತಿದ್ದುವು. ಮುಂದೆ ಆಣಿಯ ಸುತ್ತ ಬುಷ್ ಎಂಬ ಸಣ್ಣ ಬಳೆಯನ್ನಿಟ್ಟು ಒತ್ತಡವನ್ನು ಅಗಲವಾಗಿ ಹರಡಿಸಿದರು. ೧೮೮೦ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡನು ಬಳೆಯೂ ಅದರ ಮೇಲೆ ಉರುಳುವ ರೋಲರೂ ಇದ್ದ ಸರಪಳಿಯನ್ನು ರಚಿಸಿದನು. ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬೈಸಿಕಲ್ಲು ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸಿ, ಎತ್ತರದ ಮುಂಚಕ್ರದ ಹಳೆಯ ಗಾಡಿಗಳನ್ನು ಮೂಲೆಗೆ ಸೇರಿಸಿತು. ಬೈಸಿಕಲ್ ಕೆಲಸದಲ್ಲಿ ಪಳಗಿದ ರೈಟ್ ಸೋದರರು ೧೯೦೩ರಲ್ಲಿ ತಮ್ಮ ವಿಮಾನದ ಎರಡು ಪಂಕಗಳನ್ನೂ ಸರಪಳಿಗಳಿಂದಲೇ ತಿರುಗಿಸಿದರು. ಗಾಲನಿಂದ ರೆನಾಲ್ಡನವರೆಗಿನ ಈ ಪ್ರಗತಿಯ ಸಾರವಿಷ್ಟೇ: ತಗಡು ಬಲಿಷ್ಠವಾದುದಕ್ಕಿಂತ ಹೆಚ್ಚಾಗಿ ಸಂಧಿಯು ವಿಸ್ತಾರವಾಯಿತು.

ಈಗ "ಉದ್ದವಾಗುವುದು" ಎಂಬುದರ ತತ್ತ್ವವನ್ನು ನೋಡೋಣ. ಬೈಸಿಕಲ್ ಸರಪಳಿಯಲ್ಲಿ ಒಂದು ಆಣಿಯಿಂದ ಮತ್ತೊಂದು ಆಣಿಗೆ ಅರ್ಧ ಅಂಗುಲ, ಎಂದರೆ ೧೨.೭ ಮಿಲಿಮೀಟರ್ ಅಂತರ. ಸರಪಳಿಯು ಹಲ್ಲಿನ ಚಕ್ರವನ್ನು ಸುತ್ತುವಾಗ ಆಣಿಯು ಬಳೆಯೊಳಗೆ ತಿರುಗುವುದು. ಎಣ್ಣೆಗಂಟಿದ ಧೂಳು ಒಳಕ್ಕೆ ಸೇರಿದರೆ ಅದು ಸಾಣೆಯ ಕೆಲಸವನ್ನು ಮಾಡುವುದು. ಗುಡ್ಡದ ಗರಸಿನಲ್ಲಿ ಬೆರೆತ ಬೆಣಚುಕಲ್ಲಿನ ಪುಡಿಯು ಸಾಮಾನ್ಯವಾದ ಉಕ್ಕನ್ನು ಗೀರಬಲ್ಲದು. ಆಣಿಯು ತೆಳ್ಳಗಾಗಿ ಬಳೆಯ ರಂಧ್ರವು ದೊಡ್ಡದಾದರೆ ಕೊಂಡಿಗಳ ನಡುವಣ ಅಂತರವು ಬೆಳೆಯುವುದು. ತಗಡುಗಳು ಇದ್ದಷ್ಟೇ ಉದ್ದವಾಗಿರುವುವು. ಸರಾಸರಿಯಲ್ಲಿ ಒಂದು ಕೊಂಡಿಗೆ ಸುಮಾರು ೦.೦೬ ಮಿಲಿಮೀಟರ್, ಎಂದರೆ ತಲೆಗೂದಲಿನಷ್ಟು ಹೆಚ್ಚಿದರೂ, ೨೪ ಕೊಂಡಿಗಳ ಹನ್ನೆರಡು ಅಂಗುಲದಲ್ಲಿ ಅದು ಅಂಗುಲದ ಹದಿನಾರನೆಯ ಒಂದು ಪಾಲಾಗುವುದು. ನೂರಕ್ಕೆ ಅರ್ಧದಷ್ಟಾದ ಈ ಸವೆತವೇ ಬಹುಚಕ್ರದ ಸೈಕಲ್ಲುಗಳಲ್ಲಿ ಸರಪಳಿಯನ್ನು ಬದಲಾಯಿಸಬೇಕಾದ ಗುರುತು. ಆದುದರಿಂದ ಸರಪಳಿಯು ಎಳೆತದಿಂದ ಹಿಗ್ಗಿದುದಲ್ಲ, ಸಂಧಿಗಳಲ್ಲಿ ಸವೆದುದು. ಫಲವು ಒಂದೇ ಆದರೂ ಕಾರಣವು ಬೇರೆ. ಹಿಗ್ಗಿತೆಂದವನು ಉಕ್ಕನ್ನೂ ಮಾರಿದವನನ್ನೂ ದೂರುವನು. ಸವೆಯಿತೆಂದು ತಿಳಿದವನು ಧೂಳನ್ನು ಒರೆಸಿ ಎಣ್ಣೆಯನ್ನು ಬಿಡುವನು.

ರೆನಾಲ್ಡನು ವಿಸ್ತಾರಗೊಳಿಸಿದ ಸಂಧಿಯನ್ನು ಮುಂದಿನವರು ಮತ್ತೆ ಕಿರಿದುಮಾಡಿದರು. ನಮ್ಮ ಊರುಗಳ ಹಳೆಯ ಸೈಕಲ್ಲಿಗೆ ಹಿಂದೆ ಒಂದೇ ಹಲ್ಲಿನ ಚಕ್ರ, ಅಗಲವಾದ ಸರಪಳಿ, ಅನೇಕವೇಳೆ ಅದನ್ನು ಮುಚ್ಚುವ ತಗಡಿನ ಕವಚ. ಏರಿಗೂ ಇಳಿತಕ್ಕೂ ಬೇರೆಬೇರೆ ಚಕ್ರಗಳು ಬೇಕೆಂಬ ಆಸೆಯಿಂದ ಹಿಂದೆ ಹಲವು ಚಕ್ರಗಳನ್ನು ಒತ್ತಾಗಿ ಜೋಡಿಸಿದುದರಿಂದ ಅವುಗಳ ನಡುವೆ ನುಸುಳುವ ಸರಪಳಿಯು ಇಕ್ಕಟ್ಟಾಗಬೇಕಾಯಿತು. ೧೯೭೦ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಗುಡ್ಡಗಳಲ್ಲಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಬಿಡತೊಡಗಿದರು. ಬ್ರೇಕಿನ ಕಾವಿಗೆ ಚಕ್ರನಾಭಿಯ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ, ೧೯೭೬ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ಮರಳಿ ತುಂಬುವುದೆಂಬ ಅರ್ಥದ ರೀಪ್ಯಾಕ್ ಎಂಬ ಹೆಸರೇ ಬಿದ್ದಿತು. ಗುಡ್ಡದ ಸೈಕಲ್ಲು ಹುಟ್ಟಿದಂದಿನಿಂದಲೇ ಸವೆತವು ಅದರ ಜೊತೆಗಾರನು. ಈಗ ಅಂಥ ಸೈಕಲ್ಲುಗಳಲ್ಲಿ ಹನ್ನೆರಡು ಚಕ್ರಗಳವರೆಗೂ ಇರುವುವು; ಬಿಡಿಯಾದ ಬಳೆಯನ್ನು ಕೈಬಿಟ್ಟು, ಒಳತಗಡಿನ ಅಂಚನ್ನೇ ಮಡಿಸಿ ಆಣಿಗೆ ಆಸರೆ ಮಾಡಿರುವರು. ಚಿಕ್ಕ ಚಕ್ರಕ್ಕೆ ಹತ್ತೇ ಹಲ್ಲು. ಹದಿನೆಂಟು ಹಲ್ಲಿನ ಹಳೆಯ ಚಕ್ರವನ್ನು ಸುತ್ತುವಾಗ ಪ್ರತಿಯೊಂದು ಕೊಂಡಿಯೂ ೨೦ ಅಂಶದಷ್ಟು ಬಾಗಿದರೆ, ಹತ್ತು ಹಲ್ಲಿನದನ್ನು ಸುತ್ತುವಾಗ ೩೬ ಅಂಶ ಬಾಗಬೇಕು.

ಹೀಗೆ ಕೃಶವಾದ ಸರಪಳಿಯ ಮೇಲೆ ಮೋಟಾರಿನ ಭಾರವು ಬಂದಿತು. ವಿದ್ಯುತ್ ಬೈಸಿಕಲ್ಲು ಹೊಸದೇನಲ್ಲ. ಅಮೆರಿಕೆಯಲ್ಲಿ ೧೮೯೫ರಲ್ಲಿ ಆಗ್ಡನ್ ಬೋಲ್ಟನ್ನನು ಹಿಂದಿನ ಚಕ್ರನಾಭಿಯಲ್ಲಿಯೂ, ೧೮೯೭ರಲ್ಲಿ ಹೊಸಿಯಾ ಲಿಬ್ಬಿಯು ಪೆಡಲಿನ ಅಚ್ಚಿನಲ್ಲಿಯೂ ಮೋಟಾರನ್ನಿಡುವ ಹಕ್ಕುಪತ್ರಗಳನ್ನು ಪಡೆದರು. ಜಪಾನಿನ ಯಮಾಹಾ ಸಂಸ್ಥೆಯು ೧೯೯೩ರಲ್ಲಿ ತುಳಿತಕ್ಕೆ ತಕ್ಕಂತೆ ಸಹಾಯ ಮಾಡುವ ಸೈಕಲ್ಲನ್ನು ಮಾರಾಟಕ್ಕೆ ತಂದಿತು. ನಾಭಿಯ ಮೋಟಾರು ಚಕ್ರವನ್ನು ನೇರವಾಗಿ ತಿರುಗಿಸುವುದರಿಂದ ಸರಪಳಿಗೆ ಅದರ ಹೊರೆಯಿಲ್ಲ. ಪೆಡಲಿನ ಬಳಿಯ ಮೋಟಾರಿನ ಬಲವೆಲ್ಲವೂ ಸರಪಳಿಯ ಮೂಲಕವೇ ಹಾದುಹೋಗುವುದು. ಗುಡ್ಡದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಲೆಕ್ಕ ಹಾಕಿ ನೋಡೋಣ. ಇಂಥ ಮೋಟಾರುಗಳಲ್ಲಿ ಕೆಲವು ೮೫ ನ್ಯೂಟನ್ ಮೀಟರಿನಷ್ಟು ತಿರುಗಿಸುವ ಬಲವನ್ನು ಕೊಡಬಲ್ಲುವು. ಮುಂದಿನ ಚಕ್ರಕ್ಕೆ ೩೪ ಹಲ್ಲುಗಳಿದ್ದರೆ ಸರಪಳಿಯ ಮೇಲೆ ಮೋಟಾರೊಂದರದೇ ಸುಮಾರು ೧೨೫ ಕಿಲೋಗ್ರಾಂ ತೂಕದ ಎಳೆತ ಬೀಳುವುದು. ೭೦ ಕಿಲೋಗ್ರಾಂ ತೂಕದ ಸವಾರನು ೧೭೦ ಮಿಲಿಮೀಟರಿನ ಪೆಡಲುಗೋಲಿನ ಮೇಲೆ ಪೂರ್ತಿ ನಿಂತರೆ ಸುಮಾರು ೧೭೦ ಕಿಲೋಗ್ರಾಂ. ಎರಡೂ ಕೂಡಿದರೆ ಮುನ್ನೂರಕ್ಕೆ ಸಮೀಪ. ಅದೂ ಅಲ್ಲದೆ, ಮನುಷ್ಯನ ಬಲವು ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಏರಿ ಇಳಿದು ಸರಪಳಿಗೆ ಬಿಡುವು ಕೊಡುವುದು. ಮೋಟಾರು ಆ ಬಿಡುವನ್ನು ತುಂಬಿಬಿಡುವುದು. ಚಕ್ರ ಬದಲಾಯಿಸುವಾಗ ಸವಾರನು ತುಳಿತವನ್ನು ಸಡಿಲಿಸದಿದ್ದರೆ ಈ ಬಲವೆಲ್ಲವೂ ಓರೆಯಾಗಿ ಬಿದ್ದು ಆಣಿಯ ತುದಿಯಿಂದ ತಗಡು ಕಳಚಬಹುದು. ನಮ್ಮ ತರುಣನ ಸರಪಳಿಯು ದೇವರಾಯನದುರ್ಗದ ಏರಿನಲ್ಲಿ ತುಂಡಾದದ್ದು ಹಾಗೆ ಚಕ್ರ ಬದಲಾಯಿಸುವ ಕ್ಷಣದಲ್ಲಿಯೇ ಎಂದು ಅವನೇ ಒಪ್ಪಿಕೊಂಡನು.

ಹಾಗಾದರೆ ಹೊಸ ಸರಪಳಿಯು ಜಾರಿದುದೇಕೆ? ಅಲಂಕಾರಶಾಸ್ತ್ರದಲ್ಲಿ ಶೃಂಖಲಾಮೂಲವಾದ ಅಲಂಕಾರಗಳಲ್ಲಿ ಕಾರಣಮಾಲೆಯೆಂಬುದೊಂದುಂಟು. ಹಿಂದುಹಿಂದಿನದು ಮುಂದುಮುಂದಿನದಕ್ಕೆ ಕಾರಣವಾಗುವುದು ಅದರ ಲಕ್ಷಣ. ಇಲ್ಲಿಯೂ ಹಾಗೆಯೇ. ಧೂಳಿನಿಂದ ಸಂಧಿಯ ಸವೆತ, ಸವೆತದಿಂದ ಅಂತರದ ವೃದ್ಧಿ, ವೃದ್ಧಿಯಿಂದ ಹಲ್ಲಿನ ಸವೆತ. ಅಂತರವು ಬೆಳೆದ ಸರಪಳಿಯು ಹಲ್ಲಿನ ಬುಡವನ್ನು ಬಿಟ್ಟು ಮೇಲೇರಿ, ಭಾರವನ್ನು ಒಂದೆರಡು ಹಲ್ಲುಗಳ ಮೇಲೆಯೇ ಹೊರಿಸುವುದು. ಹಲ್ಲುಗಳು ಕ್ರಮವಾಗಿ ಸವೆದು ಆ ಕೆಟ್ಟ ಸರಪಳಿಗೇ ಒಗ್ಗಿಕೊಳ್ಳುವುವು. ಅಂಥ ಹಲ್ಲುಗಳ ಮೇಲೆ ಸರಿಯಾದ ಅಳತೆಯ ಸರಪಳಿಯನ್ನಿಟ್ಟರೆ ಅದಕ್ಕೆ ನೆಲೆಯೆಲ್ಲಿ? ಜಾರುವುದು ಹೊಸತರ ದೋಷವಲ್ಲ, ಹಳೆಯದರ ಶೇಷ. ಮೇಸ್ತ್ರಿಯವರು ಕೊಟ್ಟ ಮಾಲು ಒಳ್ಳೆಯದೇ ಆಗಿದ್ದಿತು. ಒಂದೇ ಚಕ್ರದ ಸೈಕಲ್ಲುಗಳಲ್ಲಿ ಪಳಗಿದ ಅವರು ಹಿಂದಿನ ಹಲ್ಲುಗಳನ್ನು ಅಳೆದು ನೋಡದೆ ಹೋದದ್ದೊಂದೇ ಕೊರತೆ. ತರುಣನು ತಿಂಗಳುಗಟ್ಟಲೆ ಸರಪಳಿಯನ್ನು ಒರೆಸದೆ, ಅಳೆಯದೆ, ಓಡಿಸಿದ್ದನು. ಹಿಂದಿನ ಚಕ್ರಸಮೂಹವನ್ನೂ ಬದಲಾಯಿಸಿದ ಮೇಲೆ ಅದೇ ಸರಪಳಿಯು ಸದ್ದಿಲ್ಲದೆ, ಜಾರದೆ ನಡೆಯುತ್ತಿದೆ. ಸಕಾಲದಲ್ಲಿ ಸರಪಳಿಯೊಂದನ್ನೇ ಬದಲಾಯಿಸಿದ್ದರೆ ಅದಕ್ಕಿಂತ ಹೆಚ್ಚು ಬೆಲೆಯ ಚಕ್ರಗಳು ಉಳಿಯುತ್ತಿದ್ದುವು. ತರುಣನು ಮರುದಿನ ತಾನಾಗಿಯೇ ಅಂಗಡಿಗೆ ಹೋಗಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡನೆಂಬುದನ್ನು ಸಂತೋಷದಿಂದ ಇಲ್ಲಿ ನಮೂದಿಸುತ್ತೇನೆ.

ಭಾಷೆಯನ್ನು ಬೋಧಿಸುವ ನಮಗೆ ಇದರಿಂದ ತಿಳಿಯಬೇಕಾದದ್ದೊಂದಿದೆ. ಯಂತ್ರಗಳ ವಿಷಯದಲ್ಲಿ ಕನ್ನಡ ಶಬ್ದಗಳನ್ನು ಗೊತ್ತುಮಾಡುವಾಗ ಫಲವನ್ನು ಮಾತ್ರ ಹೇಳುವ ಮಾತಿಗಿಂತ ಕಾರಣವನ್ನು ತೋರಿಸುವ ಮಾತು ಮೇಲು. ಇಂಗ್ಲಿಷಿನಲ್ಲಿಯೂ ಸರಪಳಿಯು ಹಿಗ್ಗಿತೆಂದೇ ರೂಢಿಯಲ್ಲಿ ಹೇಳುವರು. ಆ ರೂಢಿಯನ್ನು ನಾವು ಭಾಷಾಂತರಿಸಿಕೊಳ್ಳಬೇಕಾಗಿಲ್ಲ. ಸವೆತವೆಂಬ ಅಚ್ಚಗನ್ನಡದ ಮಾತು ನಮ್ಮಲ್ಲಿಯೇ ಇದೆ. ಅದರ ಹಿಂದೆ ಸಂಧಿಯನ್ನು ಸೇರಿಸಿ ಸಂಧಿಸವೆತವೆಂದರೆ ಅರ್ಥವು ನಿಷ್ಕೃಷ್ಟವಾಗುವುದು. ಒಂದು ಮಾತು ಸರಿಯಾಗಿದ್ದಿದ್ದರೆ ಉಪ್ಪಾರಹಳ್ಳಿಯ ಒಬ್ಬ ಸಜ್ಜನನಿಗೆ ಆ ಸಂಜೆ ಜಗಲಿಯ ಮೇಲೆ ತಲೆ ತಗ್ಗಿಸಿ ನಿಲ್ಲುವ ಪ್ರಸಂಗವು ಬರುತ್ತಿರಲಿಲ್ಲ.