ವಾಂಟ್
ಇಂದು ‘ವಾಂಟ್’ ಎಂದರೆ ಬೇಕು. ಆದರೆ ಈ ಪದ ಇಂಗ್ಲಿಷಿಗೆ ಬಂದದ್ದು ‘ಇಲ್ಲ’ ಎನ್ನುವುದಕ್ಕೆ. ಬ್ರಿಟನ್ನಿನಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯನ್ನರ ಹಳೆಯ ನಾರ್ಸ್ ಭಾಷೆಯಲ್ಲಿ ‘ವಾಂತಾ’ ಎಂದರೆ ಕೊರತೆಯಾಗು. ಇಲ್ಲದ್ದನ್ನೇ ಅಲ್ಲವೇ ಮನಸ್ಸು ಬಯಸುವುದು? 18ನೇ ಶತಮಾನದ ಹೊತ್ತಿಗೆ ಆಸೆಯ ಅರ್ಥ ಬಲಿಯಿತು. ಹಳೆಯದು ಪೂರ್ತಿ ಅಳಿಯಲಿಲ್ಲ: ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ತಳಹದಿ ಹಾಕಿದ 1942ರ ಬೆವರಿಜ್ ವರದಿ, ಐದು ದೈತ್ಯ ಪಿಡುಗುಗಳನ್ನು ಹೆಸರಿಸುವಾಗ ಬಡತನವನ್ನು ಕರೆದದ್ದು ‘ವಾಂಟ್’ ಎಂದೇ. ಚಂದ್ರ ಕ್ಷೀಣಿಸುವುದನ್ನು ಹೇಳುವ ‘ವೇನ್’ ಇದರ ಒಡಹುಟ್ಟು.

ನನಗೆ ಎಲ್ಲಕ್ಕಿಂತ ಹಿತವೆನಿಸುವ ನಂಟು ಬೇರೆ. ಸಂಸ್ಕೃತದ ‘ಊನ’ವೂ ಇದೇ ಇಂಡೋ-ಯುರೋಪಿಯನ್ ಬೇರಿನದು. ಅಂಗ ಊನವಾಯಿತು, ನ್ಯೂನತೆ ಎಂದು ನಾವು ಹೇಳುವಾಗ, ಹತ್ತೊಂಬತ್ತನ್ನು ಏಕೋನವಿಂಶತಿ, ಅಂದರೆ ಒಂದು ಕಡಿಮೆ ಇಪ್ಪತ್ತು, ಎನ್ನುವಾಗ ನಾಲಿಗೆಗೆ ಬರುವುದು ಆ ಬೇರೇ.