ಹವೆಯ ಗಣಿತವೂ ಗಣಕರ ಸಮೂಹವೂ

ಗಾಳಿ, ಮಳೆ, ಪ್ರವಾಹಗಳ ನಡೆಯನ್ನು ಗಣಿತದ ಮೂಲಕ ಅನುಕರಿಸುವ ಸೂಪರ್ ಕಂಪ್ಯೂಟರುಗಳ ವಾರ್ತೆಯನ್ನು ನಾವು ಆಗಾಗ ಓದುತ್ತೇವೆ. ಸಾವಿರಾರು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಈ ಕ್ರಮವು ವಿದ್ಯುನ್ಮಾನ ಯುಗದ ಸೃಷ್ಟಿಯೆಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಇದರ ಕಲ್ಪನೆಯು ಆ ಯಂತ್ರಗಳಿಗಿಂತ ಹಿಂದಿನದು. ಇದರ ಮುಖ್ಯ ತೊಡಕೂ ಅಷ್ಟೇ ಹಳೆಯದು. ಕೆಲಸವನ್ನು ಹಂಚುವುದು ಸುಲಭ. ಹಂಚಿಕೊಂಡವರ ನಡುವಣ ಕೊಡುಕೊಳೆಯನ್ನು ನಡೆಸುವುದು ಕಷ್ಟ.

ಲೂಯಿಸ್ ಫ್ರೈ ರಿಚರ್ಡ್‌ಸನ್ (1881–1953) ಎಂಬ ಆಂಗ್ಲ ವಿಜ್ಞಾನಿ ಕ್ವೇಕರ್ ಪಂಥದವರು, ಯುದ್ಧವನ್ನು ಒಪ್ಪದವರು. ಮೊದಲನೆಯ ಮಹಾಯುದ್ಧದಲ್ಲಿ ಅವರು ಬಂದೂಕು ಹಿಡಿಯದೆ, 1916ರಿಂದ 1919ರವರೆಗೆ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನವನ್ನು ನಡೆಸಿದರು. ಆ ವರ್ಷಗಳಲ್ಲಿಯೇ, 1910ನೆಯ ಮೇ 20ರಂದು ಮಧ್ಯ ಯೂರೋಪಿನ ವಾಯುಭಾರವು ಆರು ಗಂಟೆಗಳಲ್ಲಿ ಹೇಗೆ ಬದಲಾಗಬೇಕಾಗಿತ್ತೆಂಬುದನ್ನು ಕೈಯಿಂದಲೇ ಗುಣಿಸಿ ನೋಡಿದರು. ಅದು 145 ಮಿಲಿಬಾರ್ ಏರಬೇಕೆಂದು ಲೆಕ್ಕ ಬಂದಿತು. ಅಂದು ನಿಜವಾಗಿ ಅದು ಬಹುಮಟ್ಟಿಗೆ ಸ್ಥಿರವಾಗಿಯೇ ಇತ್ತು. ಈ ಸೋಲನ್ನು ಅವರು ಮುಚ್ಚಿಡಲಿಲ್ಲ. 1922ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದನ್ನು ಸವಿವರವಾಗಿ ದಾಖಲಿಸಿದರು. ದೋಷವಿದ್ದುದು ಮೂಲ ವಿಧಾನದಲ್ಲಲ್ಲ, ಆರಂಭದ ಅಂಕಿಗಳ ಅಸಮತೋಲದಲ್ಲಿ ಎಂದು ಬಹುಕಾಲದ ನಂತರ ಪೀಟರ್ ಲಿಂಚ್ ಎಂಬ ಐರಿಷ್ ವಿದ್ವಾಂಸರು ತೋರಿಸಿಕೊಟ್ಟರು.

ಅದೇ ಗ್ರಂಥದಲ್ಲಿ ಒಂದು ವಿಲಕ್ಷಣವಾದ ಕಲ್ಪನೆಯಿದೆ. ರಂಗಮಂದಿರದಂತಹ ವಿಶಾಲವಾದ ಭವನ. ಅದರ ಒಳಗೋಡೆಯ ಮೇಲೆ ಇಡೀ ಭೂಮಂಡಲದ ಚಿತ್ರ. ಗೋಡೆಯುದ್ದಕ್ಕೂ 64,000 ಗಣಕರು. ಪ್ರತಿಯೊಬ್ಬನಿಗೂ ತನ್ನ ಮುಂದಿನ ಭೂಭಾಗದ ಲೆಕ್ಕ ಮಾತ್ರ. ಬಂದ ಅಂಕಿಗಳನ್ನು ನೆರೆಯವರು ಓದಿಕೊಳ್ಳುವಂತೆ ದೀಪದ ಫಲಕಗಳು. ನಡುವಣ ಸ್ತಂಭದ ಮೇಲೆ ನಿಂತ ಮೇಲ್ವಿಚಾರಕನು, ಮುಂದೆ ಓಡಿದ ಭಾಗದ ಮೇಲೆ ಗುಲಾಬಿ ಬೆಳಕನ್ನೂ ಹಿಂದೆ ಬಿದ್ದುದರ ಮೇಲೆ ನೀಲಿ ಬೆಳಕನ್ನೂ ಚೆಲ್ಲುತ್ತಾನೆ. 'ಕಂಪ್ಯೂಟರ್' ಎಂಬ ಶಬ್ದವು ಆ ಕಾಲದಲ್ಲಿ ಮನುಷ್ಯನನ್ನೇ ಸೂಚಿಸುತ್ತಿತ್ತು. ನಮ್ಮ 'ಗಣಕ' ಶಬ್ದವೂ ಮೊದಲು ಲೆಕ್ಕಿಗನನ್ನು, ಜ್ಯೋತಿಷಿಯನ್ನು ಹೇಳುತ್ತಿದ್ದು, ಅನಂತರ ಯಂತ್ರಕ್ಕೆ ಸಂದಿತು.

ಈ ಹಂಚಿಕೆಗೆ ಅವಕಾಶ ಕೊಟ್ಟುದು ಭೂಗೋಳದ ಸ್ವಭಾವವೇ. ಒಂದು ಸ್ಥಳದ ಹವೆಯು ಮುಂದಿನ ಕೆಲವು ನಿಮಿಷಗಳಲ್ಲಿ ಏನಾಗುವುದೆಂಬುದು ಹೆಚ್ಚಾಗಿ ನೆರೆಯ ಸ್ಥಳಗಳನ್ನು ಅವಲಂಬಿಸಿರುತ್ತದೆ. ಆದರೆ ಹಂಚುತ್ತ ಹೋದಂತೆ ಗಡಿ ಬೆಳೆಯುತ್ತದೆ. ಉದ್ದಗಲ ನೂರು ನೂರು ಮನೆಗಳ ಚೌಕದಲ್ಲಿರುವ 10,000 ಮನೆಗಳಲ್ಲಿ ಅಂಚಿನವು 396 ಮಾತ್ರ; ಅದನ್ನೇ ಹತ್ತು ಹತ್ತರ ತುಂಡುಗಳನ್ನಾಗಿ ಮಾಡಿದರೆ, ಪ್ರತಿ ತುಂಡಿನ 100 ಮನೆಗಳಲ್ಲಿ 36 ಅಂಚಿಗೆ ಬರುತ್ತವೆ. ಬ್ಯಾಂಕಿನ ಶಾಖೆಗಳೆಲ್ಲ ತಮ್ಮ ಖಾತೆಗಳನ್ನು ಮುಗಿಸಿದ್ದರೂ, ಒಂದು ಶಾಖೆಯ ಲೆಕ್ಕ ಬಾರದೆ ಒಟ್ಟು ಲೆಕ್ಕ ಮುಗಿಯದು. ಇಲ್ಲಿಯೂ ಹಾಗೆಯೇ: ಎಲ್ಲರಿಗಿಂತ ನಿಧಾನನಾದವನ ವೇಗವೇ ಎಲ್ಲರ ವೇಗ.

1920ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿಯು ವಿಮಾನದಳದ ಸಚಿವಾಲಯಕ್ಕೆ ಸೇರಲು, ರಿಚರ್ಡ್‌ಸನ್ ಆ ಉದ್ಯೋಗವನ್ನು ತ್ಯಜಿಸಿದರು. 1950ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ವಾನ್ ನಾಯ್ಮನ್ ಇವರು ಅಮೆರಿಕದ ಎನಿಯಾಕ್ ಯಂತ್ರದಲ್ಲಿ 24 ಗಂಟೆಗಳ ಮುನ್ಸೂಚನೆಯನ್ನು ಸುಮಾರು 24 ಗಂಟೆಗಳಲ್ಲಿಯೇ ಗುಣಿಸಿದರು. ಆ ಫಲವನ್ನು ಕಂಡು ಸಂತೋಷಪಡುವ ಭಾಗ್ಯ ವೃದ್ಧ ರಿಚರ್ಡ್‌ಸನ್ನರಿಗೆ ಲಭಿಸಿತು. ಆದರೆ ಅದು ಒಂಟಿ ಯಂತ್ರ. ನೆರೆಹೊರೆಯ ಪ್ರಶ್ನೆ ಅಲ್ಲಿ ಏಳಲಿಲ್ಲ.

ನಮ್ಮ ದೇಶದಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟುದು ಅಭಾವವೇ. 1980ರ ದಶಕದಲ್ಲಿ ದೊಡ್ಡ ಯಂತ್ರಗಳನ್ನು ಮಾರಲು ಅಮೆರಿಕ ಹಿಂಜರಿಯಿತು. ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ ದೊಡ್ಡ ಕೆಲಸ ಮಾಡಿಸುವ ಫ್ಲೋಸಾಲ್ವರ್ ಯಂತ್ರವು 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಯಂತ್ರವು 1991ರಲ್ಲಿ ಬಂದಿತು. ಮುಂದೆ ಮಾನ್ಸೂನಿನ ಮಾದರಿಯನ್ನು ಫ್ಲೋಸಾಲ್ವರಿನಲ್ಲಿ ನಡೆಸಿದಾಗ ತೊಡಕು ಇಮ್ಮಡಿಸಿತು. ಆ ಮಾದರಿಯು ಗಾಳಿಯನ್ನು ಭೂಮಿಯನ್ನೇ ಸುತ್ತುವ ತರಂಗಗಳಾಗಿ ಎಣಿಸುವುದರಿಂದ, ಪ್ರತಿಯೊಂದು ಪ್ರೊಸೆಸರಿಗೂ ನೆರೆಯವರ ಅಂಕಿಗಳಷ್ಟೇ ಸಾಲದು, ಎಲ್ಲರ ಅಂಕಿಗಳೂ ಬೇಕು.

2024ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಗೆ 'ಅರ್ಕ' ಎಂಬ ಹೊಸ ಯಂತ್ರ ಬಂದಿದೆ. ಇಂತಹ ಯಂತ್ರಗಳ ವೇಗವನ್ನೇ ಹೊಗಳುವುದು ರೂಢಿ. ಇತಿಹಾಸವನ್ನು ಬಲ್ಲವರು ಅದರೊಡನೆ ಇನ್ನೊಂದನ್ನೂ ಕೇಳಬೇಕು: ಅದರ ಭಾಗಗಳು ಎಷ್ಟು ಹೊತ್ತು ದುಡಿಯುತ್ತವೆ, ಎಷ್ಟು ಹೊತ್ತು ನೆರೆಯವರ ಅಂಕಿಗಾಗಿ ಕಾದು ಕುಳಿತಿರುತ್ತವೆ? ರಿಚರ್ಡ್‌ಸನ್ನರ ಮೇಲ್ವಿಚಾರಕನ ಕೈಯಲ್ಲಿದ್ದ ನೀಲಿ ದೀಪವು ಈ ಪ್ರಶ್ನೆಗಾಗಿಯೇ ಇದ್ದಿತು.