ಡಫಿಯ ಹೆಸರು ಹೊತ್ತ ರಕ್ತ

1950ರಲ್ಲಿ ಇಂಗ್ಲೆಂಡಿನಲ್ಲಿ ಡಫಿ ಎಂಬ ಹೀಮೊಫಿಲಿಯಾ ರೋಗಿಯ ರಕ್ತದಲ್ಲಿ ಹೊಸದೊಂದು ಪ್ರತಿಕಾಯ ಕಂಡುಬಂತು. ಮತ್ತೆ ಮತ್ತೆ ಬೇರೆಯವರ ರಕ್ತ ಪಡೆದಿದ್ದ ಆತನ ದೇಹ, ಆ ಕೆಂಪು ಕಣಗಳ ಮೇಲಿದ್ದ ಒಂದು ಗುರುತನ್ನು ಪರಕೀಯವೆಂದು ಎಣಿಸಿತ್ತು. ಆ ಗುರುತಿಗೆ ಅವನ ಹೆಸರೇ ನಿಂತಿತು.

1955ರಲ್ಲಿ ನ್ಯೂಯಾರ್ಕಿನ ಕಪ್ಪು ಜನರ ರಕ್ತವನ್ನು ಪರೀಕ್ಷಿಸಿದವರಿಗೆ ಅಚ್ಚರಿ ಕಾದಿತ್ತು. ಹೆಚ್ಚಿನವರ ಕೆಂಪು ಕಣಗಳಲ್ಲಿ ಡಫಿ ಗುರುತೇ ಇರಲಿಲ್ಲ. ಅದಿಲ್ಲದವರಿಗೆ ವೈವ್ಯಾಕ್ಸ್ ಮಲೇರಿಯಾ ಸಾಮಾನ್ಯವಾಗಿ ಏಕೆ ತಗಲುವುದಿಲ್ಲ ಎಂಬುದನ್ನು ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಸೋಂಕಿನ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಹದಿನೇಳು ಸ್ವಯಂಸೇವಕರಲ್ಲಿ ಪಾರಾದವರು ಐವರು ಮಾತ್ರ. ಐವರೂ ಡಫಿ ಇಲ್ಲದ ಕಪ್ಪು ಜನ. ಪರಾವಲಂಬಿ ಒಳಹೊಗುವ ಬಾಗಿಲೇ ಆ ಗುರುತಾಗಿತ್ತು.

ಮಲೇರಿಯಾಕ್ಕೆ ಬಾಗಿಲಾಗುವುದೇ ಅದರ ಕೆಲಸವೇ? ಅಲ್ಲ. ಬಿಳಿ ರಕ್ತಕಣಗಳನ್ನು ಕರೆತರುವ ಕೆಮೊಕೈನ್ ಎಂಬ ಸಂದೇಶವಾಹಕಗಳನ್ನು ಹಿಡಿಯುವ ಗ್ರಾಹಕವದು ಎಂದು 1993ರಲ್ಲಿ ತಿಳಿಯಿತು. 1995ರಲ್ಲಿ ಅದರ ಕೊರತೆಯ ಕಾರಣವೂ ಸಿಕ್ಕಿತು: ಜೀನಿನ ಸ್ವಿಚ್ಚಿನಲ್ಲಿ ಒಂದೇ ಅಕ್ಷರದ ಬದಲಾವಣೆ. ಅದರಿಂದ ಗ್ರಾಹಕ ಮಾಯವಾಗುವುದು ಕೆಂಪು ಕಣಗಳ ಕುಲದಲ್ಲಿ ಮಾತ್ರ. ರಕ್ತನಾಳಗಳ ಒಳಪದರದಲ್ಲಿ ಉಳಿದೇ ಇರುತ್ತದೆ.

ಈ ಜನರಲ್ಲಿ ಅನೇಕರ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳೂ ಕಡಿಮೆ. ಆದರೆ ಅದರಿಂದ ಸೋಂಕುಗಳೇನೂ ಹೆಚ್ಚುವುದಿಲ್ಲ. ಆದರೂ ವೈದ್ಯಶಾಸ್ತ್ರ ಅದನ್ನು 'ಜನಾಂಗೀಯ' ಕೊರತೆಯೆಂದು ಕರೆಯಿತು. ಸಂಖ್ಯೆ ಮೈಕ್ರೋಲೀಟರಿಗೆ 1500ಕ್ಕಿಂತ ಕೆಳಗಿದ್ದರೆ ಅಸಹಜ. ಆ ಅಳತೆಯ ದೆಸೆಯಿಂದ ಆರೋಗ್ಯವಂತರ ಅಸ್ಥಿಮಜ್ಜೆಗೂ ಸೂಜಿ ಚುಚ್ಚಿದ್ದುಂಟು, ಕ್ಯಾನ್ಸರ್ ಔಷಧಿಯ ಪ್ರಮಾಣವನ್ನು ಇಳಿಸಿದ್ದುಂಟು.

ಕಾರಣ ಮಜ್ಜೆಯೊಳಗಿತ್ತು. ಇನ್ನೂ ಬೆಳೆಯುತ್ತಿರುವ, ಕೇಂದ್ರವನ್ನು ಕಳೆದುಕೊಳ್ಳದ ಕೆಂಪು ಕಣಗಳು ಈ ಗ್ರಾಹಕವನ್ನು ಹೊತ್ತು ಕಾಂಡಕೋಶಗಳ ಪಕ್ಕದಲ್ಲೇ ಇರುತ್ತವೆ. ಅವುಗಳಲ್ಲಿ ಗ್ರಾಹಕ ಇಲ್ಲವಾದರೆ ಕಾಂಡಕೋಶಗಳಿಂದ ಹುಟ್ಟುವ ನ್ಯೂಟ್ರೋಫಿಲ್‌ಗಳ ಸ್ವಭಾವವೇ ಬದಲಾಗಿ, ಅವು ಬೇಗನೆ ರಕ್ತವನ್ನು ಬಿಟ್ಟು ಅಂಗಾಂಶಗಳಿಗೆ ಹೋಗುತ್ತವೆ. 2017ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ಇದನ್ನು ತೋರಿಸಿದವು. ಅಂದರೆ ಕಣಗಳ ಕೊರತೆಯಿಲ್ಲ. ನಾವು ಎಣಿಸುವ ಜಾಗದಲ್ಲಿ ಅವು ಇಲ್ಲ, ಅಷ್ಟೆ.

ಈಗ 'ಜನಾಂಗೀಯ' ಎಂಬ ಮಾತನ್ನು ಬಿಟ್ಟು ಡಫಿಯ ಹೆಸರಿನಲ್ಲೇ ಆ ಎಣಿಕೆಯನ್ನು ಗುರುತಿಸುವ ರೂಢಿ ಬರುತ್ತಿದೆ. ಚರ್ಮದ ಬಣ್ಣವನ್ನಲ್ಲ, ಜೀನನ್ನು ಕೇಳಬೇಕು ಎಂಬುದು ಅದರ ಅರ್ಥ. ಸಹಜ ಸಂಖ್ಯೆಯೊಂದನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿದೆ: ಇದನ್ನು ಅಳೆದದ್ದು ಯಾರ ರಕ್ತದಲ್ಲಿ?